ರಬ್ಬರು ತೋಟದ ಮ್ಯಾಕ್‌ಬೆತ್

"'ಜೋಜಿ' ಸಿನಿಮಾ ನೋಡಿದ್ರಾ?" ಅಂತ ಶೆಟ್ರು ಕೇಳಿದ್ದೇ ತಡ, ಭಟ್ರು ಚಾ ಗ್ಲಾಸು ಕೆಳಗಿಟ್ಟರು.

"ನೋಡಿದೆ ಮಾರಾಯ. ಸಣ್ಣ ಮಗನೇ ಕರೆದು ಕೂರಿಸಿ ತೋರಿಸಿದ. ಎಂತಕ್ಕೆ ತೋರಿಸಿದ ಅಂತ ಗೊತ್ತಾಗದೆ ನನಗೆ ನಿದ್ದೆ ಇಲ್ಲ."

ಭಟ್ರ ಹೆದರಿಕೆ ಸುಮ್ಮನೆ ಅಲ್ಲ. 2021ರಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ ಆ ಮಲಯಾಳಂ ಸಿನಿಮಾದಲ್ಲಿ ಕುಟ್ಟಪ್ಪನ್ ಅಂತ ಒಬ್ಬ ಮುದುಕ. ಆ ಪ್ರಾಯದಲ್ಲೂ ಕಂಬಿಗೆ ಜೋತುಬಿದ್ದು ಕಸರತ್ತು ಮಾಡುವ ಆಳು. ಮೂವರು ಗಂಡುಮಕ್ಕಳು, ಅದರಲ್ಲಿ ಸಣ್ಣವನೇ ಜೋಜಿ. ದೊಡ್ಡ ರಬ್ಬರು ತೋಟ. ಆಸ್ತಿ ಪಾಲು ಮಾಡುವುದಿಲ್ಲ, ಸಾಯುವ ಲಕ್ಷಣವೂ ಇಲ್ಲ. ಭಟ್ರಿಗೂ ಮೂವರು ಗಂಡುಮಕ್ಕಳು. ತೋಟದ ಆರ್‌ಟಿಸಿ ಈಗಲೂ ಭಟ್ರ ಹೆಸರಲ್ಲೇ ಉಂಟು.

"ಅದು ಶೇಕ್ಸ್‌ಪಿಯರನ ಮ್ಯಾಕ್‌ಬೆತ್, ಹೆಂಡತಿಯ ಮಾತಿಗೆ ರಾಜನನ್ನು ಕೊಂದು ಪಟ್ಟಕ್ಕೇರುವ ಸೇನಾಪತಿಯ ನಾಟಕ," ಅಂದರು ಮಾಷ್ಟ್ರು. ನಿವೃತ್ತರಾದ ಮೇಲೆ ಪಾಠ ಮಾಡಲು ಅವರಿಗೆ ಉಳಿದ ವಿದ್ಯಾರ್ಥಿಗಳು ನಾವೇ. "ಬರೆದದ್ದು ಶ್ಯಾಮ್ ಪುಷ್ಕರನ್, ನಿರ್ದೇಶನ ದಿಲೀಶ್ ಪೋತನ್. ಸ್ಕಾಟ್‌ಲೆಂಡಿನ ರಾಜನನ್ನು ತೆಗೆದು ಕೋಟ್ಟಯಂ ಕಡೆಯ ಅಪ್ಪನನ್ನು ಕೂರಿಸಿದ್ದಾರೆ."

"ಅಲ್ಲ ಮಾಷ್ಟ್ರೇ, ಮ್ಯಾಕ್‌ಬೆತ್ ಅಂದ್ರೆ ಮೂರು ಜನ ಮಾಟಗಾತಿಯರು ಇರ್ಬೇಕಲ್ಲ? ನೀನು ರಾಜನಾಗ್ತಿ ಅಂತ ಹೇಳುವವರು? ಇದರಲ್ಲಿ ಎಲ್ಲಿದ್ದಾರೆ?" ಇದು ನನ್ನ ಪ್ರಶ್ನೆ.

ಅಷ್ಟು ಸಾಕಾಯಿತು. ಭಟ್ರ ಪ್ರಕಾರ ಮಾಟಗಾತಿ ಅಂದರೆ ಜೋಜಿಯ ಅತ್ತಿಗೆ ಬಿನ್ಸಿ. ಮಾಷ್ಟ್ರು ಒಪ್ಪಲಿಲ್ಲ, ಅವಳು ಲೇಡಿ ಮ್ಯಾಕ್‌ಬೆತ್, ಒಬ್ಬಳಿಗೇ ಎರಡು ಪಾತ್ರ ಕೊಡಲು ಇದು ಶಾಲಾ ವಾರ್ಷಿಕೋತ್ಸವ ಅಲ್ಲ ಅಂದರು. ಶೆಟ್ರದ್ದು ಬೇರೆಯೇ ವಾದ: "ಮಾಟಗಾತಿ ಆ ಆನ್‌ಲೈನ್ ಪಾರ್ಸೆಲ್! ಅಜ್ಜನ ಅಕೌಂಟಿನ ದುಡ್ಡಲ್ಲಿ ಮೊಮ್ಮಗ ಏರ್‌ಗನ್ ತರಿಸ್ತಾನೆ. ಸಿನಿಮಾ ಶುರುವಾಗುದೇ ಅಲ್ಲಿಂದ. ಅದೇ ಗನ್ನು ಕಡೆಗೆ ಅವನ ಅಪ್ಪನ ಪ್ರಾಣಕ್ಕೇ ಬರ್ತದೆ. ನಾನಂತೂ ಮನೆಯಲ್ಲಿ ಪಾಸ್‌ವರ್ಡ್ ಬದಲಿಸಿದ್ದೇನೆ."

ನನಗೆ ಕಂಡದ್ದು ಇಷ್ಟು: ಅಲ್ಲಿ ಭವಿಷ್ಯ ಹೇಳಲು ಯಾರೂ ಬೇಕಾಗಿಲ್ಲ. ಕೆರೆಯ ವಾಲ್ವ್ ಮಕ್ಕಳ ಕೈಯಲ್ಲಿ ಆಗದ್ದಕ್ಕೆ ಮುದುಕನೇ ಇಳಿದು ಎಳೆಯುತ್ತಾನೆ, ಪಾರ್ಶ್ವವಾಯು ಹೊಡೆಯುತ್ತದೆ. ಮನೆಯವರ ಮುಖ ನೋಡಬೇಕು ಆಗ. ದುಃಖ ಉಂಟು, ಅದರ ಹಿಂದೆಯೇ ಲೆಕ್ಕಾಚಾರವೂ ಉಂಟು. ಆಮೇಲೆ ಮುದುಕ ಚೇತರಿಸಿಕೊಳ್ಳುತ್ತಾನೆ ನೋಡಿ, ಅಲ್ಲಿಯೇ ಎಡವಟ್ಟಾದದ್ದು. ಜೋಜಿ ಕತ್ತಿ ಹಿಡಿಯುವುದಿಲ್ಲ. ಕೂತು ಅಪ್ಪನ ಮಾತ್ರೆ ಬದಲಿಸುತ್ತಾನೆ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು ಜೀವನದಲ್ಲಿ ಪೂರ್ತಿ ಮಾಡಿದ ಮೊದಲ ಪ್ರಾಜೆಕ್ಟ್ ಅದೇ ಇರಬೇಕು. ಜೋಜಿಯಾಗಿ ನಟಿಸಿದ ಫಹಾದ್ ಫಾಸಿಲ್ ಅವನಿಗೆ ಒಂದು ಚೂರೂ ಶೌರ್ಯ ಕೊಟ್ಟಿಲ್ಲ. ಮ್ಯಾಕ್‌ಬೆತ್ ಯುದ್ಧ ಗೆದ್ದು ಬಂದ ವೀರ. ಇವನು ಅಪ್ಪ ಕುತ್ತಿಗೆ ಹಿಡಿದರೆ ಉಸಿರು ಬಿಡಲಾಗದ ಜೀವ.

"ಬಿನ್ಸಿ ಒಂದು ಮಾತಾದ್ರೂ ಕೊಲ್ಲು ಅಂತ ಹೇಳಿದ್ಲಾ?" ಮಾಷ್ಟ್ರು ಬಿಡಲಿಲ್ಲ. "ನಾಟಕದಲ್ಲಿ ಲೇಡಿ ಮ್ಯಾಕ್‌ಬೆತ್ ಗಂಡನಿಗೆ ಹೇಳ್ತಾಳೆ, ನಿನ್ನ ಮುಖ ಪುಸ್ತಕದ ಹಾಗೆ ಉಂಟು, ಯಾರು ಬೇಕಾದ್ರೂ ಓದ್ತಾರೆ ಅಂತ. ಇಲ್ಲಿ ಅಪ್ಪನ ಹೆಣ ಮನೆಯಲ್ಲಿರುವಾಗ ಬಿನ್ಸಿ ಬಂದು ಜೋಜಿಗೆ ಹೇಳುದು ಎಂತ? ಮಾಸ್ಕ್ ಹಾಕಿಕೊಂಡು ಬಾ. ಅಷ್ಟೇ! ಕೊರೊನಾ ಕಾಲಕ್ಕೆ ಮ್ಯಾಕ್‌ಬೆತ್ ಇಳಿಸಿದ್ದು ಹಾಗೆ."

ಇದಕ್ಕೆ ಮಾತ್ರ ಯಾರೂ ಎದುರು ಮಾತಾಡಲಿಲ್ಲ. ಬಿನ್ಸಿಯ ಪಾತ್ರ ಮಾಡಿದ ಉಣ್ಣಿಮಾಯ ಪ್ರಸಾದ್ ಅದನ್ನು ಪಲ್ಯಕ್ಕೆ ಉಪ್ಪು ಹಾಕುವಷ್ಟು ಸಲೀಸಾಗಿ ಹೇಳುತ್ತಾಳೆ.

ಮಾಷ್ಟ್ರು ಆ ಹುರುಪಿನಲ್ಲಿ ಮ್ಯಾಕ್‌ಬೆತ್‌ನ ಬೇರೆ ಅವತಾರಗಳಿಗೆ ಹೊರಳಿ, ಕುರೊಸಾವಾನ ಜಪಾನಿ ಸಿನಿಮಾ, ವಿಶಾಲ್ ಭಾರದ್ವಾಜರ ಮುಂಬಯಿ ಡಾನು ಎಲ್ಲ ಸುತ್ತಿ ಕನ್ನಡಕ್ಕೆ ಬಂದರು. ಎಚ್.ಎಸ್. ಶಿವಪ್ರಕಾಶರು ಇದೇ ಕತೆಯನ್ನು 'ಮಾರನಾಯಕ' ಮಾಡಿದ್ದು, ಹುಲುಗಪ್ಪ ಕಟ್ಟೀಮನಿ ಅದನ್ನು ಜೈಲಿನ ಕೈದಿಗಳಿಂದ ಆಡಿಸಿದ್ದು.

"ಅನುಭವ ಇದ್ದವರಿಗೇ ಕೊಟ್ಟಿದ್ದಾರೆ," ಅಂದರು ಭಟ್ರು. ಮಾಷ್ಟ್ರು ದುರುಗುಟ್ಟಿ ನೋಡಿದರು.

ಶೆಟ್ರಿಗೆ ಮಾತ್ರ ಇಡೀ ಕತೆಯಲ್ಲಿ ನಂಬಲಾಗದ್ದು ಒಂದೇ. ಅವರ ಬೇಲಿಯಾಚೆ ಕೋಟ್ಟಯಂನಿಂದ ಬಂದು ನೆಲೆಸಿದವರ ತೋಟ, ಈಚೆ ಅವರದ್ದೂ ರಬ್ಬರೇ. "ಈಗಿನ ರೇಟಿಗೆ ರಬ್ಬರು ತೋಟಕ್ಕೆ ಯಾರಾದ್ರೂ ಕೊಲೆ ಮಾಡ್ತಾರಾ? ನನ್ನ ಮಗನಿಗೆ ಬರೆದು ಕೊಡ್ತೇನೆ ಅಂದ್ರೂ ಬೆಂಗಳೂರಿಂದ ಫೋನ್ ಎತ್ತುದಿಲ್ಲ. ಮರ ಕೆತ್ತುವವರು ಸಿಗುದಿಲ್ಲ, ಮಳೆಗಾಲಕ್ಕೆ ಪ್ಲಾಸ್ಟಿಕ್ ಕಟ್ಟುವ ಖರ್ಚು ಬೇರೆ. ಜೋಜಿಗೆ ತೋಟ ಸಿಕ್ಕಿದ್ರೆ ಅದೇ ಅವನಿಗೆ ಶಿಕ್ಷೆ ಆಗ್ತಿತ್ತು."

"ಶಿಕ್ಷೆ ಆಯ್ತಲ್ಲ," ಅಂದೆ. "ಸಾಯಲು ಹೋಗಿ ಅದೂ ನೆಟ್ಟಗೆ ಆಗಲಿಲ್ಲ. ಆಸ್ಪತ್ರೆ ಮಂಚದಲ್ಲಿ ಮಿಸುಕಲಾಗದೆ ಬಿದ್ದಿದ್ದಾನೆ. ತಪ್ಪು ಒಪ್ಪಿಕೊಳ್ಳುದಾದ್ರೆ ಕಣ್ಣು ಮುಚ್ಚು ಅಂತ ಪೊಲೀಸರು ಕೇಳ್ತಾರೆ. ಅವನು ಕಣ್ಣು ಬಿಟ್ಟುಕೊಂಡೇ ಇರ್ತಾನೆ."

"ಸರಿಯಾಗಿ ಮಾಡಿದ," ಅಂದರು ಭಟ್ರು. ನಲವತ್ತು ವರ್ಷ ಗಡಿ ತಕರಾರಿಗೆ ಕೋರ್ಟು ಅಲೆದವರು. "ವಕೀಲರನ್ನು ಕೇಳದೆ ರೆಪ್ಪೆ ಬಡಿಯಬಾರದು."