ಹೊರದೇಶದ ಆರ್ಕೈವ್‌ನಲ್ಲಿ ನಾಲ್ಕು ತಿಂಗಳು ಕೂರಬೇಕು, ದುಡ್ಡು ಎಲ್ಲಿಂದ ತರೋದು?

ಕಡತಹುಳು:

ಪಿಎಚ್‌ಡಿ ಮೂರನೇ ವರ್ಷ, ಇತಿಹಾಸ. ಡಚ್ ಈಸ್ಟ್ ಇಂಡಿಯಾ ಕಂಪನಿ, ಅಂದರೆ ವಿಒಸಿ, ತನ್ನ ಹಡಗುಕಟ್ಟೆಗಳಲ್ಲಿ ದುಡಿಯುತ್ತಿದ್ದ ಬಡಗಿಗಳಿಗೆ ಕೂಲಿ ಹೇಗೆ ಲೆಕ್ಕ ಹಾಕುತ್ತಿತ್ತು ಅನ್ನೋದು ನನ್ನ ವಿಷಯ. ನನಗೆ ಬೇಕಾದ ಕಾಗದಪತ್ರ ಬಹುಪಾಲು ನೆದರ್‌ಲೆಂಡ್ಸ್‌ನಲ್ಲಿ, ದಿ ಹೇಗ್ ನಗರದ ರಾಷ್ಟ್ರೀಯ ಆರ್ಕೈವ್‌ನಲ್ಲಿ, ಅಂದರೆ ಹಳೆ ದಾಖಲೆಗಳ ಭಂಡಾರದಲ್ಲಿ, ಇದೆ. ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಒಂದಷ್ಟು ಸಿಗಬಹುದು. ನಾಲ್ಕು ತಿಂಗಳು ಹೋಗಿ ಕೂತುಕೊಂಡು ಬಾ ಅಂತ ಗೈಡ್ ಹೇಳುತ್ತಾರೆ. ಕೂರೋಕೆ ನಾನು ರೆಡಿ. ಕಳಿಸೋರು ಯಾರು?

ಸ್ಟೈಪೆಂಡ್ ತಿಂಗಳ ಖರ್ಚಿಗೆ ಸರಿಹೋಗುತ್ತದೆ, ಉಳಿಯೋದು ಏನೂ ಇಲ್ಲ. ಓದುತ್ತಿರುವುದು ಒಂದು ದೇಶದಲ್ಲಿ, ಪಾಸ್‌ಪೋರ್ಟ್ ಇನ್ನೊಂದು ದೇಶದ್ದು, ಹಾಗಾಗಿ ಎಷ್ಟೋ ಸ್ಕಾಲರ್‌ಶಿಪ್‌ಗಳ ಮೊದಲ ಸಾಲಿನಲ್ಲೇ ನಾನು ಔಟ್. ಹೋದ ವರ್ಷ ಒಂದು ದೊಡ್ಡ ಫೆಲೋಶಿಪ್‌ಗೆ ಹಾಕಿದ್ದೆ. ಆರು ತಿಂಗಳು ಕಾಯಿಸಿ ಎರಡು ಸಾಲಿನ ಮೇಲ್ ಕಳಿಸಿದರು. ಇನ್ನೂ ಒಂದು ವರ್ಷ ಅದನ್ನೇ ನಂಬಿ ಕೂತರೆ ಪಿಎಚ್‌ಡಿ ಮುಗಿದ ಹಾಗೇ ಅಲ್ವಾ. ಈ ದಾರಿಯಲ್ಲಿ ಹೋಗಿ ಬಂದವರು ಏನು ಮಾಡಿದಿರಿ, ಹೇಳಿ.

ಧೂಳುಕೋಣೆ:

ನಾನು ಆರ್ಕೈವ್‌ನಲ್ಲೇ ಕೆಲಸ ಮಾಡುವವಳು (ನೀವು ಹೇಳಿದ್ದರಲ್ಲಿ ಅಲ್ಲ). ದುಡ್ಡಿನ ಮಾತು ಆಮೇಲೆ. ಮೊದಲು ಇದಕ್ಕೆ ಉತ್ತರ ಹೇಳಿ: ನಿಮಗೆ ಯಾವ ಕಟ್ಟುಗಳು ಬೇಕು, ಅವುಗಳ ನಂಬರ್ ಗೊತ್ತಾ?

ವಿಒಸಿ ಸಂಗ್ರಹಕ್ಕೆ ಅಲ್ಲಿ 1.04.02 ಅಂತ ನಂಬರ್. ಕ್ಯಾಟಲಾಗ್ ಆನ್‌ಲೈನ್‌ನಲ್ಲಿದೆ. ಸಂಗ್ರಹದ ಬಹಳಷ್ಟು ಭಾಗ ಸ್ಕ್ಯಾನ್ ಆಗಿ ಪುಕ್ಕಟೆ ಓದೋಕೆ ಸಿಗುತ್ತದೆ. ಗ್ಲೋಬಲೈಸ್ ಅನ್ನುವ ಯೋಜನೆಯವರು ಅದರಲ್ಲಿ ಲಕ್ಷಾಂತರ ಪುಟಗಳ ಕೈಬರಹವನ್ನು ಕಂಪ್ಯೂಟರ್ ಕೈಲಿ ಓದಿಸಿ, ಪದ ಹಾಕಿ ಹುಡುಕುವ ಹಾಗೆ ಮಾಡಿದ್ದಾರೆ. ಅರ್ಜಿ ನೋಡುವವರಲ್ಲಿ ಇದೆಲ್ಲ ಬಲ್ಲವರು ಒಬ್ಬರಾದರೂ ಇರುತ್ತಾರೆ. ಮನೆಯಲ್ಲೇ ಕೂತು ಓದಬಹುದಾದ ಕಡತಕ್ಕೆ ಇವರಿಗೆ ವಿಮಾನದ ಟಿಕೆಟ್ ಯಾಕಪ್ಪಾ ಅಂತ ಅವರು ಕೇಳಿದರೆ ನಿಮ್ಮ ಅರ್ಜಿ ಅಲ್ಲಿಗೇ ಮುಗಿಯಿತು. ಹೋದ ವರ್ಷದ ಅರ್ಜಿಯಲ್ಲಿ ಈ ಮಾತಿಗೆ ಉತ್ತರ ಇತ್ತಾ, ಒಮ್ಮೆ ತೆಗೆದು ನೋಡಿ.

ಇನ್ನೊಂದು. ಆರ್ಕೈವ್‌ಗೆ ಮೇಲ್ ಬರೆಯುವ ಬಗೆ. "ಕೂಲಿಯ ಬಗ್ಗೆ ನಿಮ್ಮಲ್ಲಿ ಏನಿದೆ" ಅಂತ ಕೇಳಿದರೆ ನಾವು ಕ್ಯಾಟಲಾಗಿನ ಲಿಂಕ್ ಕಳಿಸಿ ಸುಮ್ಮನಾಗುತ್ತೇವೆ. "ಈ ಹನ್ನೆರಡು ನಂಬರ್ ನೋಡಬೇಕು, ನಾಲ್ಕು ಸ್ಕ್ಯಾನ್ ಆಗಿಲ್ಲ, ಎರಡಕ್ಕೆ ನೀರು ತಗುಲಿದೆ ಅಂತ ಬರೆದಿದೆ, ಓದೋಕೆ ಕೊಡುತ್ತೀರಾ" ಅಂತ ಕೇಳಿದರೆ ಕುರ್ಚಿಯಿಂದ ಎದ್ದು, ಒಳಗೆ ಹೋಗಿ, ಕಟ್ಟು ಬಿಚ್ಚಿ ನೋಡಿ ಬಂದು ಉತ್ತರ ಬರೆಯುತ್ತೇವೆ. ಆ ಉತ್ತರವನ್ನು ಅರ್ಜಿಯ ಜೊತೆ ಇಡಿ. ಗೈಡ್ ಬರೆದು ಕೊಡುವ ಶಿಫಾರಸಿಗಿಂತ ಅದು ಜಾಸ್ತಿ ಕೆಲಸ ಮಾಡಿದ್ದನ್ನು ನೋಡಿದ್ದೇನೆ.

ಚಿಲ್ಲರೆಕಾಸು:

ಮೇಲಿನ ಮಾತಿಗೆ ನನ್ನದೂ ಒಂದು ಸಹಿ. ಈಗ ದುಡ್ಡಿನ ಕಡೆ ಬರೋಣ.

ನಾನು ಮೂರು ತಿಂಗಳ ಪ್ರವಾಸಕ್ಕೆ ಐದು ಕಡೆಯಿಂದ ಜೋಡಿಸಿದೆ. ಒಂದೂ ದೊಡ್ಡದಲ್ಲ. ದೊಡ್ಡ ಫೆಲೋಶಿಪ್ ಒಂದೇ ಬಂದು ಎಲ್ಲ ನೋಡಿಕೊಳ್ಳುತ್ತದೆ ಅಂತ ಕಾಯೋದು ಲಾಟರಿ ಟಿಕೆಟ್ ಹಿಡಿದು ಕೂತ ಹಾಗೆ. ಹನಿ ಹನಿ ಕೂಡಿದರೆ ಹಳ್ಳ, ಇದು ಸುಮ್ನೆ ಗಾದೆ ಅಲ್ಲ, ನನ್ನ ಎಕ್ಸೆಲ್ ಶೀಟೇ ಹಾಗಿತ್ತು.

ಶುರು ಮಾಡಬೇಕಾದ್ದು ನಿಮ್ಮ ವಿಭಾಗದಿಂದಲೇ. ವಿಭಾಗದ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುವವರನ್ನು ನೇರ ಹೋಗಿ ಕೇಳಿ, ಮೇಲ್ ಮಾಡಬೇಡಿ. ವೆಬ್‌ಸೈಟಿನಲ್ಲಿ ಇಲ್ಲದ ಸಣ್ಣ ನಿಧಿಗಳು ಅವರಿಗೆ ಗೊತ್ತಿರುತ್ತವೆ. ಹಳೆ ಪ್ರಾಧ್ಯಾಪಕರ ಹೆಸರಿನಲ್ಲಿ ಇಟ್ಟದ್ದು, ಯಾರೂ ಕೇಳದೆ ವರ್ಷಗಟ್ಟಲೆ ಹಾಗೇ ಬಿದ್ದಿರುವುದು. ನನಗೆ ಸಿಕ್ಕ ಮೊದಲ ದುಡ್ಡು ಅಂಥದ್ದೇ, ವಿಮಾನದ ಟಿಕೆಟ್ಟಿಗೂ ಸಾಲದು. ಆದರೆ ಮುಂದಿನ ನಾಲ್ಕು ಅರ್ಜಿಯಲ್ಲೂ "ಇಷ್ಟು ಈಗಾಗಲೇ ಬಂದಿದೆ, ಇಷ್ಟು ಬಾಕಿ" ಅಂತ ಬರೆಯೋಕೆ ಆಯಿತು ನೋಡಿ. ಯಾರೋ ಒಬ್ಬರು ನಂಬಿದ್ದಾರೆ ಅಂದರೆ ಮಿಕ್ಕವರ ಕೈಯೂ ಸಡಿಲ ಆಗುತ್ತದೆ.

ಆಮೇಲೆ ವಿಶ್ವವಿದ್ಯಾಲಯದ ಮಟ್ಟದ ಪ್ರಯಾಣ ನಿಧಿ, ನಿಮ್ಮ ವಿಷಯದ ವಿದ್ವತ್ ಸಂಘಗಳು. ಸಂಘಗಳ ಸದಸ್ಯತ್ವ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಅಗ್ಗ, ಮತ್ತು ಎಷ್ಟೋ ಸಂಘಗಳು ಪಾಸ್‌ಪೋರ್ಟ್ ಕೇಳೋದಿಲ್ಲ, ಸದಸ್ಯರಾ ಅಂತ ಮಾತ್ರ ಕೇಳುತ್ತವೆ. ನಿಮ್ಮಂಥವರಿಗೆ ಇದು ದೊಡ್ಡ ವಿಷಯ.

ಇನ್ನು, ಸಂಗ್ರಹ ಇಟ್ಟುಕೊಂಡವರೇ ಕೊಡುವ ಫೆಲೋಶಿಪ್. ಇದನ್ನು ಜನ ಮರೆತೇ ಬಿಡುತ್ತಾರೆ. ಷಿಕಾಗೋದ ನ್ಯೂಬೆರಿ ಲೈಬ್ರರಿ, ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿ, ನ್ಯೂಯಾರ್ಕ್ ರಾಜ್ಯದ ರಾಕ್‌ಫೆಲರ್ ಆರ್ಕೈವ್ ಸೆಂಟರ್, ಇಂಥವರೆಲ್ಲ ತಮ್ಮ ಕಡತ ಓದೋಕೆ ಬರುವವರಿಗೇ ದುಡ್ಡು ಕೊಡುತ್ತಾರೆ. ನಿಮ್ಮ ಮಟ್ಟಿಗೆ ಹೇಳೋದಾದರೆ ಲೈಡನ್ ಗ್ರಂಥಾಲಯದ ವಿಶೇಷ ಸಂಗ್ರಹಗಳಿಗೆ ಅಂಟಿಕೊಂಡು ಸ್ಕ್ಯಾಲಿಗರ್ ಇನ್‌ಸ್ಟಿಟ್ಯೂಟ್ ಅಂತ ಇದೆ, ಅವರ ಫೆಲೋಶಿಪ್‌ಗಳನ್ನು ನೋಡಿ. ಲೈಡನ್ ಮತ್ತು ದಿ ಹೇಗ್ ನಡುವೆ ರೈಲಿನಲ್ಲಿ ಕಾಲು ಗಂಟೆಯ ಆಸುಪಾಸು ಅಷ್ಟೇ. ಒಂದು ಕಡೆ ಫೆಲೋಶಿಪ್, ಇನ್ನೊಂದು ಕಡೆ ಕಡತ ಅಂತ ನಡೆಸಬಹುದು, ಅರ್ಜಿಯಲ್ಲಿ ಅದನ್ನು ಮುಚ್ಚಿಡದೆ ಬರೆದರೆ ಆಯಿತು.

ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ಸ್ಕಾಲರ್‌ಶಿಪ್ ಬಗ್ಗೆ ಯಾರಾದರೂ ಹೇಳೇ ಹೇಳುತ್ತಾರೆ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. 1946ರಿಂದ ನಡೆದು ಬಂದದ್ದು, ಒಳ್ಳೆಯದೇ. ಆದರೆ ಒಂದು ತುದಿಯಲ್ಲಿ ಅಮೆರಿಕ ಇರಬೇಕು, ಮತ್ತು ಪಾಸ್‌ಪೋರ್ಟಿನ ಲೆಕ್ಕದಲ್ಲಿ ನಡೆಯುತ್ತದೆ. ಯುರೋಪಿನಲ್ಲಿ ಓದುತ್ತಿದ್ದರೆ ಎರಾಸ್ಮಸ್ ಪ್ಲಸ್ ಅನ್ನುವ ಯುರೋಪಿಯನ್ ಒಕ್ಕೂಟದ ಯೋಜನೆಯಲ್ಲಿ ಪಿಎಚ್‌ಡಿಯವರಿಗೆ 5ರಿಂದ 30 ದಿನದ ಸಣ್ಣ ಪ್ರವಾಸಕ್ಕೂ ಜಾಗ ಇದೆ. ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಕಚೇರಿ ಮೂಲಕವೇ ಹೋಗಬೇಕು.

ಒಂದು ಎಚ್ಚರ. ಒಂದೇ ಖರ್ಚಿಗೆ ಇಬ್ಬರ ಹತ್ತಿರ ದುಡ್ಡು ತಗೋಬಾರದು. ಟಿಕೆಟ್ ಇವರದ್ದು, ಬಾಡಿಗೆ ಅವರದ್ದು, ಸ್ಕ್ಯಾನ್ ಖರ್ಚು ಇನ್ನೊಬ್ಬರದ್ದು ಅಂತ ಮೊದಲೇ ಹಂಚಿಬಿಡಿ. ಇನ್ನೊಂದು ಕಡೆಯಿಂದ ಬಂದಾಗ ಮೊದಲಿನವರಿಗೆ ಒಂದು ಮೇಲ್ ಹಾಕಿ.

ಕಡತಹುಳು:

ಧೂಳುಕೋಣೆ ಅವರೇ, ನೀವು ಕೇಳಿದ ಪ್ರಶ್ನೆ ನೋಡಿ ಸ್ವಲ್ಪ ಹೊತ್ತು ಲ್ಯಾಪ್‌ಟಾಪ್ ಮುಚ್ಚಿ ಕೂತಿದ್ದೆ. ಹೋದ ವರ್ಷದ ಅರ್ಜಿಯಲ್ಲಿ ನಾನು ಬರೆದಿದ್ದು "ವಿಒಸಿ ದಾಖಲೆಗಳನ್ನು ಪರಿಶೀಲಿಸಲಾಗುವುದು" ಅಂತ. ಒಂದೂ ನಂಬರ್ ಇಲ್ಲ. ಬಜೆಟ್ಟಿನಲ್ಲಿ "ಇತರೆ" ಅಂತ ಒಂದು ಸಾಲು ಇತ್ತು, ಅದೇ ಎಲ್ಲಕ್ಕಿಂತ ದೊಡ್ಡ ಮೊತ್ತ. ಈಗ ಓದಿದರೆ ನಾನೇ ನನಗೆ ದುಡ್ಡು ಕೊಡುತ್ತಿರಲಿಲ್ಲ.

ಮಣ್ಣುಬೂಟು:

ಇತಿಹಾಸದವರ ನಡುವೆ ಬಾಯಿ ಹಾಕುತ್ತಿದ್ದೇನೆ, ನಾನು ಮಾನವಶಾಸ್ತ್ರ. ಈ ಪುಟ ಆಮೇಲೆ ಓದುವವರಿಗೆ ಬೇಕಾಗಬಹುದು ಅಂತ ಬರೆಯುತ್ತೇನೆ.

ನಮ್ಮಲ್ಲಿ ಎಲ್ಲರೂ ಹಾಕುವುದು ವೆನ್ನರ್-ಗ್ರೆನ್ ಫೌಂಡೇಶನ್‌ಗೆ. 1941ರಲ್ಲಿ ಶುರುವಾದದ್ದು. ಪಿಎಚ್‌ಡಿ ಕ್ಷೇತ್ರಕಾರ್ಯಕ್ಕೆ 25,000 ಡಾಲರ್ ತನಕ ಕೊಡುತ್ತಾರೆ, ಯಾವ ದೇಶದವರಾದರೂ ಹಾಕಬಹುದು. ಆದರೆ ಪ್ರಶ್ನೆಗಳು ಕಡ್ಡಿ ಮುರಿದ ಹಾಗೆ ಇರುತ್ತವೆ. ಏನು ಮಾಡುತ್ತೀರಿ, ಯಾಕೆ ಅಲ್ಲೇ ಮಾಡಬೇಕು, ನೀವು ಅಂದುಕೊಂಡದ್ದು ತಪ್ಪಾದರೆ ನಿಮಗೆ ಹೇಗೆ ಗೊತ್ತಾಗುತ್ತದೆ, ಇದಕ್ಕೆಲ್ಲ ಉತ್ತರ ಬೇಕು. ಮೊದಲ ಸಲ ನನಗೆ ಬರಲಿಲ್ಲ. ಎರಡನೇ ಸಲಕ್ಕೆ ಮೂರು ವಾರ ಸ್ವಂತ ದುಡ್ಡಲ್ಲಿ (ಅಂದರೆ ಸಾಲ ಮಾಡಿ) ಹೋಗಿ ಬಂದು, ಅಲ್ಲಿ ಯಾರು ಮಾತಾಡೋಕೆ ಒಪ್ಪಿದರು, ಯಾರು ಬಾಗಿಲು ಹಾಕಿದರು ಅಂತ ಬರೆದೆ. ಬಂತು. ಸಣ್ಣ ಪ್ರವಾಸ ದೊಡ್ಡದಕ್ಕೆ ಬೀಜ ಇದ್ದ ಹಾಗೆ, ಸಾಲ ಮಾಡಿ ಅಂತ ಹೇಳುತ್ತಿಲ್ಲ, ವಿಭಾಗದ ಚಿಲ್ಲರೆಯಲ್ಲಿ ಅದನ್ನು ಮಾಡಿ.

ಜರ್ಮನಿಗೆ ಹೋಗಬೇಕಾದವರು ಡಿಎಎಡಿ, ಅಂದರೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ, ನೋಡಿ, ಅದರಲ್ಲಿ ಪಿಎಚ್‌ಡಿಯವರಿಗೆ ಕೆಲವೇ ತಿಂಗಳ ಸಂಶೋಧನಾ ಅನುದಾನವೂ ಇದೆ. ಕಾಡು, ಪ್ರಾಣಿ, ಪರಿಸರದ ಕಡೆಯವರಿಗೆ ರಫರ್ಡ್ ಫೌಂಡೇಶನ್. ಮನುಷ್ಯರ ಜೊತೆ ಕೆಲಸ ಇದ್ದರೆ ನೈತಿಕ ಸಮಿತಿಯ ಒಪ್ಪಿಗೆ, ಆ ದೇಶದ ಸಂಶೋಧನಾ ಪರವಾನಗಿ, ಎರಡನ್ನೂ ಅರ್ಜಿ ಹಾಕುವ ದಿನವೇ ಶುರು ಮಾಡಿ. ದುಡ್ಡು ಬಂದ ಮೇಲೆ ಪರವಾನಗಿ ಇಲ್ಲದೆ ಎಂಟು ತಿಂಗಳು ಕಾದವರನ್ನು ಬಲ್ಲೆ.

ರಸೀದಿರಾಯ:

ಯಾರೂ ಹೇಳದ ವಿಷಯ ನಾನು ಹೇಳುತ್ತೇನೆ. ದುಡ್ಡು ಸಿಗೋದು ಬೇರೆ, ಕೈಗೆ ಬರೋದು ಬೇರೆ.

ನನಗೆ ಒಂದು ಅನುದಾನ ಸಿಕ್ಕಿತ್ತು, ಯಾರದ್ದು ಅಂತ ಬೇಡ. ಪತ್ರದಲ್ಲಿ ಅಭಿನಂದನೆ, ಗೈಡಿಗೆ ಖುಷಿ, ಎಲ್ಲ ಸರಿ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ಖರ್ಚು ಮಾಡಿ ಬಂದ ಮೇಲೆ ರಸೀದಿ ಕೊಟ್ಟರೆ ಮರುಪಾವತಿ ಅಂತ. ಅಂದರೆ ಮೊದಲು ನನ್ನ ಜೇಬು. ಜೇಬು ಇದ್ದಿದ್ದರೆ ಅವರ ಹತ್ತಿರ ಯಾಕೆ ಹೋಗುತ್ತಿದ್ದೆ? ಕ್ರೆಡಿಟ್ ಕಾರ್ಡ್ ಉಜ್ಜಿ ಹೋಗಿ ಬಂದೆ. ವಾಪಸ್ ಬಂದು ಫೈಲ್ ಕೊಟ್ಟರೆ ಬೋರ್ಡಿಂಗ್ ಪಾಸ್ ಎಲ್ಲಿ ಅಂದರು. ಟಿಕೆಟ್ ಬಿಲ್ ಇದೆ, ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ, ಆದರೂ ಬೋರ್ಡಿಂಗ್ ಪಾಸೇ ಬೇಕಂತೆ. ಹೋಗುವಾಗಿನದ್ದು ಇತ್ತು, ಒಂದು ನೋಟ್‌ಬುಕ್ಕಿನಲ್ಲಿ ಬುಕ್‌ಮಾರ್ಕ್ ಮಾಡಿಕೊಂಡಿದ್ದೆ. ಬರುವಾಗಿನದ್ದು ಫೋನಿನಲ್ಲಿ ಇತ್ತು, ಆ್ಯಪ್‌ನಿಂದ ತಾನಾಗೇ ಮಾಯ ಆಗಿತ್ತು. ಮನೆ ಬಾಡಿಗೆಗೆ ಮಾಲೀಕರು ಕೈಬರಹದ ಚೀಟಿ ಕೊಟ್ಟಿದ್ದರು, ಅದಕ್ಕೆ ಇನ್ನೊಂದು ಸುತ್ತು ಪತ್ರವ್ಯವಹಾರ. ದುಡ್ಡು ಬಂದದ್ದು ಏಳು ತಿಂಗಳ ಮೇಲೆ. ಕಾರ್ಡಿನ ಬಡ್ಡಿ ಯಾವ ಅನುದಾನದಲ್ಲೂ ಬರೋದಿಲ್ಲ ಸ್ವಾಮಿ.

ಹಾಗಾಗಿ ಸಿಕ್ಕಿದೆ ಅಂತ ಪತ್ರ ಬಂದ ದಿನವೇ ಕೇಳಿ: ಮುಂಗಡ ಕೊಡುತ್ತೀರಾ? ಟಿಕೆಟ್ಟನ್ನು ನೀವೇ ಬುಕ್ ಮಾಡುತ್ತೀರಾ? ಕೇಳಿದರೆ ಎಷ್ಟೋ ಕಡೆ ಆಗುತ್ತದೆ, ಕೇಳದಿದ್ದರೆ ಯಾರೂ ತಾವಾಗಿ ಹೇಳೋದಿಲ್ಲ. ಅನುದಾನದ ಮೇಲೆ ತೆರಿಗೆ ಹಿಡಿಯುತ್ತಾರಾ ಅಂತಲೂ ಕೇಳಿ. ಮತ್ತೆ ಪ್ರತಿ ರಸೀದಿಗೂ ಅವತ್ತೇ ರಾತ್ರಿ ಫೋಟೊ. ರಸೀದಿಯ ಮೇಲಿನ ಪ್ರಿಂಟ್ ಬಿಸಿಲಿಗೆ ಇಟ್ಟರೆ ಒಂದು ತಿಂಗಳಲ್ಲಿ ಬಿಳಿ ಹಾಳೆ.

ತಿಂಗಳಬೆಳಕು:

ಕ್ರೌಡ್‌ಫಂಡಿಂಗ್ ಮಾಡಬಹುದಲ್ವಾ? ಈಗ ಎಲ್ಲರೂ ಮಾಡುತ್ತಾರೆ.

ಚಿಲ್ಲರೆಕಾಸು:

ಮಾಡಬಹುದು. ಆದರೆ ಆಮೆಗೆ, ಹುಲಿಗೆ ಜನ ದುಡ್ಡು ಕೊಡುತ್ತಾರೆ, ಮುನ್ನೂರು ವರ್ಷದ ಹಿಂದಿನ ಬಡಗಿಯ ಕೂಲಿಗೆ ಕೊಡುವವರು ನಿಮ್ಮ ಚಿಕ್ಕಪ್ಪ ಚಿಕ್ಕಮ್ಮ ಮಾತ್ರ. ಅಷ್ಟೇ ಸಮಯದಲ್ಲಿ ಮೂರು ಅರ್ಜಿ ಬರೆಯಬಹುದು.

ಇನ್ನೊಂದು ಮರೆತಿದ್ದೆ, ವೀಸಾ. ಕಡತಹುಳು, ನಿಮ್ಮ ಪಾಸ್‌ಪೋರ್ಟಿಗೆ ಷೆಂಗೆನ್ ವೀಸಾ (ನೆದರ್‌ಲೆಂಡ್ಸ್ ಸೇರಿ ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ವೀಸಾ) ಬೇಕು ಅಂತಾದರೆ, ಸಣ್ಣ ಅವಧಿಯದ್ದರಲ್ಲಿ ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ನಾಲ್ಕು ತಿಂಗಳು ಅಂದರೆ ಬೇರೆಯೇ ಪರವಾನಗಿ, ಬೇರೆಯೇ ಕಾಗದಪತ್ರ, ಅಲ್ಲಿನ ಸಂಸ್ಥೆಯೊಂದು ನಿಮ್ಮ ಪರವಾಗಿ ನಿಲ್ಲಬೇಕಾಗಬಹುದು. ಎಂಬತ್ತು ಚಿಲ್ಲರೆ ದಿನಕ್ಕೆ ಇಳಿಸೋಕೆ ಆಗುತ್ತಾ ನೋಡಿ. ವೀಸಾಕ್ಕೆ ಕನಿಷ್ಠ 30,000 ಯೂರೋ ರಕ್ಷಣೆಯ ವೈದ್ಯಕೀಯ ವಿಮೆಯೂ ಬೇಕು, ಅದನ್ನೂ ಬಜೆಟ್ಟಿನಲ್ಲಿ ಹಾಕಿ. ವೀಸಾ ಶುಲ್ಕ, ವಿಮೆ, ಊರೊಳಗಿನ ಬಸ್ಸು ರೈಲು, ಇವನ್ನೆಲ್ಲ ಬಿಟ್ಟು ಬರೆದ ಬಜೆಟ್ ನೋಡಿದರೆ ಇವರು ಎಲ್ಲೂ ಹೋದವರಲ್ಲ ಅಂತ ಸಮಿತಿಗೆ ಗೊತ್ತಾಗಿಬಿಡುತ್ತದೆ.

ಕಡತಹುಳು:

ಎಲ್ಲರಿಗೂ ಥ್ಯಾಂಕ್ಸ್. ಎರಡು ವಾರ ಆಯಿತು, ಆದದ್ದು ಹೇಳುತ್ತೇನೆ.

ಕ್ಯಾಟಲಾಗ್ ಹಿಡಿದು ಕೂತೆ. ನನಗೆ ಬೇಕಾದ್ದು 64 ನಂಬರ್. ಅದರಲ್ಲಿ 41 ಸ್ಕ್ಯಾನ್ ಆಗಿದೆ! ನಾಲ್ಕು ತಿಂಗಳು ಅಂತ ಗೈಡ್ ಹೇಳಿದ್ದು ಅವರು ವಿದ್ಯಾರ್ಥಿಯಾಗಿದ್ದ ಕಾಲದ ಲೆಕ್ಕ ಇರಬೇಕು. ಉಳಿದ 23ಕ್ಕೆ ಏಳು ವಾರ ಸಾಕು ಅನ್ನಿಸುತ್ತದೆ, ಲೈಡನ್‌ಗೆ ಎರಡು ವಾರ ಸೇರಿಸಿ ಒಂಬತ್ತು. ವೀಸಾ ತಲೆನೋವೂ ಅರ್ಧ ಇಳಿಯಿತು. ವಿಭಾಗದ ಆಫೀಸಿಗೆ ನೇರ ಹೋದೆ. ಅಲ್ಲಿನವರು ಡ್ರಾಯರ್ ಎಳೆದು ಒಂದು ಹಳದಿ ಫಾರಂ ಕೊಟ್ಟರು, ಹಿಂದೆ ಯಾರೋ ತುಂಬಿಸಿ ಅರ್ಧಕ್ಕೆ ಬಿಟ್ಟದ್ದು, ಹೆಸರಿನ ಮೇಲೆ ವೈಟ್‌ನರ್ ಹಚ್ಚಿ ಅದರ ಮೇಲೇ ಬರಿ ಅಂದರು. ಟಿಕೆಟ್ಟಿನ ಮುಕ್ಕಾಲು ಪಾಲು ಅದರಲ್ಲಿ ಆಗುತ್ತದೆ. ಮುಂಗಡ ಕೊಡುತ್ತೀರಾ ಅಂತ ಅಲ್ಲೇ ಕೇಳಿದೆ, ಕೊಡುತ್ತಾರಂತೆ.

ಆರ್ಕೈವ್‌ಗೆ ನಂಬರ್ ಸಮೇತ ಮೇಲ್ ಹಾಕಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಧೂಳುಕೋಣೆ:

ಎರಡು ದಿನ ಕಾಯಿರಿ. ಯಾರೋ ಕಟ್ಟು ಬಿಚ್ಚುತ್ತಿರಬಹುದು.