‘ಡ್ಯೂನ್’ ಓದಿದವರಿಗೆ: ಹುಳಕ್ಕಿಂತ ನೀರಿನ ಲೆಕ್ಕವೇ ದೊಡ್ಡದು ಅಂತ ಇನ್ಯಾರಿಗಾದರೂ ಅನಿಸಿದೆಯಾ?

ಮಾವಿನತೋಪು, ಶ್ರೀನಿವಾಸಪುರ:

ಫ್ರಾಂಕ್ ಹರ್ಬರ್ಟ್‌ನ ವೈಜ್ಞಾನಿಕ ಕಾದಂಬರಿ ‘ಡ್ಯೂನ್’ (1965) ಮೂರನೇ ಸಲ ಮುಗಿಸಿದೆ. ಕತೆ ನಡೆಯೋದು ಒಂದು ಮರಳುಗಾಡಿನ ಗ್ರಹದಲ್ಲಿ. ಎಲ್ಲಿ ಹೋದರೂ ಜನ ಅಲ್ಲಿನ ದೈತ್ಯ ಮರಳುಹುಳದ್ದೇ ಮಾತಾಡ್ತಾರೆ. ನನಗೆ ಹುಳ ಅಷ್ಟಕ್ಕಷ್ಟೆ. ಆ ಪುಣ್ಯಾತ್ಮ ಹನಿಹನಿಗೂ ಲೆಕ್ಕ ಇಟ್ಟಿದ್ದಾನಲ್ಲ, ಅದಕ್ಕೇ ಸೋತೆ.

ಆ ಮರಳುಗಾಡಿನ ಜನ ಫ್ರೆಮೆನ್ನರು. ಅವರ ಮುಖಂಡ ಸ್ಟಿಲ್ಗರ್, ಗ್ರಹವನ್ನ ಆಳೋಕೆ ಬಂದ ಡ್ಯೂಕ್‌ನ ಮೇಜಿನ ಮೇಲೆ ಉಗುಳ್ತಾನೆ. ಸುತ್ತ ಇದ್ದವರು ಸೆಟೆದು ನಿಲ್ಲೋಷ್ಟರಲ್ಲಿ ಡ್ಯೂಕ್‌ನ ಕಡೆಯ ಡಂಕನ್ ತಡೆದು, ನಿನ್ನ ಮೈಯ ತೇವ ಕೊಟ್ಟಿದ್ದಕ್ಕೆ ಉಪಕಾರವಾಯ್ತು ಅಂತಾನೆ. ಸತ್ತವರ ಮೈಯ ನೀರು ಕುಲಕ್ಕೆ ಸೇರಿದ್ದು. ತಾನೇ ಕೊಂದ ಫ್ರೆಮೆನ್ ಜಾಮಿಸ್‌ಗಾಗಿ ಡ್ಯೂಕ್‌ನ ಮಗ ಪಾಲ್ ಅತ್ತರೆ, ಸತ್ತವನಿಗೆ ನೀರು ಕೊಡ್ತಿದ್ದಾನೆ ಅಂತ ಅವರಿಗೆಲ್ಲ ಬೆರಗು.

ಇದನ್ನ ಓದುವಾಗ ನನ್ನ ಕಣ್ಮುಂದೆ ಬರೋದು ನಮ್ಮಜ್ಜಿ. ಅಕ್ಕಿ ತೊಳೆದ ನೀರು ಕಲಗಚ್ಚಿನ ಬಾನಿಗೆ, ಬಚ್ಚಲ ನೀರು ಕರಿಬೇವಿನ ಗಿಡಕ್ಕೆ. ಅಪ್ಪ ಕೊರೆಸಿದ ಮೂರನೇ ಬೋರಲ್ಲಿ 1,250 ಅಡಿಗೂ ಧೂಳೇ ಎದ್ದಾಗ ಅಜ್ಜಿ ಅಳಲಿಲ್ಲ. ಬೋರ್ ಲಾರಿ ಹುಡುಗರಿಗೆ ಮಜ್ಜಿಗೆ ಕೊಟ್ಟು, ಲೋಟ ಎಣಿಸಿ ಒಳಗಿಟ್ಟಳು.

ಒಂದು ಕಡೆ ಮಾತ್ರ ತಡವರಿಸ್ತೀನಿ. ಫ್ರೆಮೆನ್ನರು ಗುಟ್ಟಾಗಿ ನೀರು ಕೂಡಿಡೋದು ಗ್ರಹವನ್ನ ಹಸಿರು ಮಾಡೋಕೆ. ಆದರೆ ನೀರು ಹುಳಕ್ಕೆ ವಿಷ. ಹುಳ ಹೋದರೆ, ಅದರಿಂದಲೇ ಆಗೋ ‘ಮಸಾಲೆ’ ಅನ್ನೋ ಅಮೂಲ್ಯ ವಸ್ತುವೂ ಹೋಯ್ತು, ಮಸಾಲೆ ಇಲ್ಲದೆ ತಾರೆಯಿಂದ ತಾರೆಗೆ ಹೋಗೋ ಹಡಗೇ ಇಲ್ಲ. ಇದು ಹರ್ಬರ್ಟ್‌ಗೆ ಹೊಳೆದಿರಲಿಲ್ವಾ?

ಮುಳಬಾಗಿಲು ದೋಸೆ:

ಹೊಳೆದಿತ್ತು ಗುರು. ಮೂರು ಸಲ ಓದಿದೆ ಅಂತೀಯ, ಅನುಬಂಧ ಬಿಟ್ಟೆಯಾ? ಗ್ರಹವನ್ನ ಹಸಿರು ಮಾಡೋ ಯೋಜನೆ ಹಾಕಿದ ವಿಜ್ಞಾನಿ ಪಾರ್ಡಾಟ್ ಕೈನ್ಸ್‌ನ ಲೆಕ್ಕ ಪೂರ್ತಿ ಅಲ್ಲಿದೆ. ಶೇ 3ರಷ್ಟು ಹಸಿರು ಗಿಡಗಳು ಹಿಡಿದರೆ ಸಾಕು, ಮುಂದೆ ಚಕ್ರ ತಾನೇ ತಿರುಗುತ್ತೆ. ಅದಕ್ಕೆ 300ರಿಂದ 500 ವರ್ಷ. ಕಾದಂಬರಿಯ ಕೊನೆಯಲ್ಲಿ ಪಾಲ್ ಕೂಡ ಹೇಳ್ತಾನೆ, ಹರಿಯೋ ನೀರು ಬರುತ್ತೆ, ಆದರೆ ಮಸಾಲೆ ನೋಡ್ಕೋಬೇಕಲ್ಲ, ಒಂದಿಷ್ಟು ಮರಳುಗಾಡು ಯಾವತ್ತೂ ಇರುತ್ತೆ ಅಂತ.

ಹರ್ಬರ್ಟ್ 1957ರಲ್ಲಿ ಒರೆಗಾನ್ ಕರಾವಳಿಗೆ ಹೋಗಿದ್ದು ಒಂದು ಲೇಖನಕ್ಕೆ. ನುಗ್ಗಿಬರೋ ಮರಳುದಿಬ್ಬಗಳನ್ನ ಅಲ್ಲಿ ಹುಲ್ಲು ನೆಟ್ಟು ನಿಲ್ಲಿಸ್ತಿದ್ರು. ಕೈನ್ಸ್ ಕೂಡ ಮೊದಲು ನೆಡಿಸೋದು ಹುಲ್ಲನ್ನೇ, ನೋಡು.

ನಿವೃತ್ತ ಮೇಷ್ಟ್ರು, ಬಂಗಾರಪೇಟೆ:

ಮರಿ, ನೀನು ಖರ್ಜೂರದ ಮರ ಮರೆತೆ. ಅರಮನೆ ಮುಂದಿನ ಇಪ್ಪತ್ತು ಮರ ನೋಡ್ಕೊಂಡು ಹೋಗೋ ಜನರ ಮುಖದಲ್ಲಿ ಹೊಟ್ಟೆಕಿಚ್ಚು. ಯಾಕೆ ಅಂದ್ರೆ ಒಂದು ಮರಕ್ಕೆ ದಿನಕ್ಕೆ 40 ಲೀಟರ್, ಒಬ್ಬ ಮನುಷ್ಯನಿಗೆ 8. ಇಪ್ಪತ್ತು ಮರ ಅಂದ್ರೆ ನೂರು ಜನ! ಇದು ಬರೀ ಗುಣಾಕಾರ, ಏಳನೇ ಕ್ಲಾಸಿನ ಹುಡುಗನೂ ಮಾಡ್ತಾನೆ. ಆದರೂ ಓದಿದ ದಿನ ನಾನು ಪುಸ್ತಕ ಮಡಿಚಿಟ್ಟು ಮನೆ ಹಿಂದಿನ ನೀಲಗಿರಿ ತೋಪನ್ನೇ ನೋಡ್ತಾ ಕೂತಿದ್ದೆ. ನೀಲಗಿರಿ ಹೊಸದಾಗಿ ನೆಡೋದನ್ನ ಸರ್ಕಾರ ನಿಲ್ಲಿಸಿದ್ದು 2017ರಲ್ಲಿ. ಅಷ್ಟರಲ್ಲಿ ನಮ್ಮ ಬಾವಿ ಒಣಗಿ ಎಷ್ಟೋ ಕಾಲವಾಗಿತ್ತು. (ನೆಡಿ ಅಂತ ಊರೂರು ತಿರುಗಿ ಹೇಳಿದವರಲ್ಲಿ ನಾನೂ ಒಬ್ಬ. ಬೈಯಬೇಡಿ.)

ಬೆಳ್ಳಂದೂರು ಬಾಡಿಗೆದಾರ:

ನಾನು ಮಾಲೂರಿನವನು, ಹೊಟ್ಟೆಪಾಡಿಗೆ ಬೆಂಗಳೂರು. ಸ್ಟಿಲ್‌ಸೂಟ್ ಬಗ್ಗೆ ಯಾರೂ ಮಾತಾಡಲಿಲ್ವಲ್ಲ? ಬೆವರು, ಮೂತ್ರ ಎಲ್ಲ ಸೋಸಿ ಮತ್ತೆ ಕುಡಿಸೋ ಉಡುಪು. ಸರಿಯಾಗಿ ತೊಟ್ಟರೆ ದಿನಕ್ಕೆ ದರ್ಜಿಯ ಅಂಗುಸ್ತಾನದಷ್ಟು ನೀರೂ ಆಚೆ ಹೋಗಲ್ಲ. ನಮ್ಮ ಕಡೆ ಲೆಕ್ಕದಲ್ಲಿ ಒಂದು ಉದ್ಧರಣೆ ತೀರ್ಥ ಅನ್ನಿ.

ಈಗ ನೀವೇ ನೋಡಿ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಪೈಪಿನಲ್ಲಿ ನರಸಾಪುರದ ಹತ್ತಿರ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆ ಕೆರೆ ದಾಟ್ತಿರೋದು ಬೆಂಗಳೂರಿನ ಚರಂಡಿ ನೀರು ಸಂಸ್ಕರಿಸಿದ್ದು. ಬೆಳಗ್ಗೆ ನಾನಿಲ್ಲಿ ಫ್ಲಶ್ ಮಾಡಿದ್ದು ನಮ್ಮಪ್ಪನ ಟೊಮೆಟೊ ತೋಟದ ಬೋರಿಗೆ ಇಂಗ್ತಿದೆ. ಇಡೀ ಕೋಲಾರ ಜಿಲ್ಲೆಗೇ ಸ್ಟಿಲ್‌ಸೂಟ್ ಹೊಲಿಸಿದ ಹಾಗಲ್ವೇನ್ರಪ್ಪಾ?

ಮುಳಬಾಗಿಲು ದೋಸೆ:

ಫ್ರೆಮೆನ್ನರು ತಮ್ಮದನ್ನ ತಾವೇ ಕುಡಿತಾರೆ ಅಣ್ಣ. ಬೆಂಗಳೂರಿನವರದ್ದನ್ನಲ್ಲ. ಅದೂ ಎರಡು ಹಂತ ಸೋಸಿದ್ದು ಸಾಲದು, ಮೂರನೇ ಹಂತವೂ ಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ.

ಮಾವಿನತೋಪು, ಶ್ರೀನಿವಾಸಪುರ:

ಅನುಬಂಧ ಬಿಟ್ಟಿದ್ದೆ, ತಪ್ಪಾಯ್ತು. ಇವತ್ತು ರಾತ್ರಿ ಅದೇ ಕೆಲಸ. ಮೇಷ್ಟ್ರೇ, ನಿಮ್ಮನ್ನ ಯಾರು ಬೈತಾರೆ, ನಮ್ಮಪ್ಪನೂ ನೆಟ್ಟಿದ್ದ.

ಬೆಳ್ಳಂದೂರು ಅಣ್ಣ, ನಮ್ಮ ಕೆರೆಗೆ ಆ ನೀರು ಬಂದ ದಿನ ಅಜ್ಜಿ ಬಾಗಿನ ಬಿಡೋಕೆ ಹೊರಟಳು. ಇದು ಎಲ್ಲಿಂದ ಬಂದಿದ್ದು ಗೊತ್ತಾ ಅಂತ ದಂಡೆ ಮೇಲೆ ಶುರು ಮಾಡಿದೆ. “ಗೊತ್ತು ಸುಮ್ನಿರೋ, ಅರಿಶಿನದ ಪೊಟ್ಣ ಕೊಡು” ಅಂದಳು.