ಖಾಲಿ ಡಬ್ಬಿ ತಾನೇ, ಏನಾಗುತ್ತೆ?

ಚಿಕ್ಕಪ್ಪ: (ಫಾರ್ವರ್ಡ್) ಚಾರಣಕ್ಕೆ ಹೊರಟವರು ಓದಲೇಬೇಕು!! ವಿಮಾನದಲ್ಲಿ ಕ್ಯಾಂಪಿಂಗ್ ಸ್ಟವ್ ಒಯ್ಯಲು ಯಾವ ಅಡ್ಡಿಯೂ ಇಲ್ಲ. ಗ್ಯಾಸ್ ಡಬ್ಬಿ ಖಾಲಿಯಾಗಿದ್ದರೆ ಅದನ್ನೂ ಒಯ್ಯಬಹುದು. ಪವರ್ ಬ್ಯಾಂಕನ್ನು ಮರೆಯದೆ ಚೆಕ್-ಇನ್ ಬ್ಯಾಗಿನಲ್ಲಿಡಿ. ಎಲ್ಲರಿಗೂ ತಲುಪಿಸಿ 🙏

ಭಾವ: ನಾನು ಹೇಳಿದ್ದೂ ಇದನ್ನೇ. ನನ್ನ ಪೆಟ್ರೋಲ್ ಸ್ಟವ್ ಬ್ಯಾಗಿಗೆ ಹಾಕಿ ಆಯ್ತು. ತಮ್ಮನ ಗ್ಯಾಸ್ ಡಬ್ಬಿಯೂ ಖಾಲಿಯೇ. ಅದನ್ನೂ ಹಾಕೋಣ, ಅಲ್ಲಿ ಒಂದು ಸಲ ನೀರು ಕಾಯಿಸಲಿಕ್ಕಾದರೂ ಆಗುತ್ತೆ.

ಅಕ್ಕ: ರೀ, ನೀರು ಕಾಯುವಷ್ಟು ಗ್ಯಾಸ್ ಇದ್ದರೆ ಅದು ಖಾಲಿ ಹೇಗಾಗುತ್ತೆ?

ತಮ್ಮ: 😂

ಅಕ್ಕ: ಚಿಕ್ಕಪ್ಪ, ಇದನ್ನು ಮುಂದೆ ಯಾರಿಗೂ ಕಳಿಸಬೇಡಿ. ಇರುವುದು ಮೂರು ಮಾತು. ಎರಡು ತಪ್ಪು, ಒಂದು ಅರ್ಧ ನಿಜ.

ಚಿಕ್ಕಪ್ಪ: ನಾನು ಬರೆದಿದ್ದಲ್ಲಮ್ಮ. ಬಂದಿದ್ದನ್ನು ಕಳಿಸಿದೆ ಅಷ್ಟೇ.

ಅತ್ತೆ: ಬಂದಿದ್ದನ್ನೆಲ್ಲ ಇಲ್ಲಿ ತಂದು ಸುರಿಯುವುದನ್ನು ಯಾವಾಗ ಬಿಡುತ್ತೀಯೋ ನೀನು?

ಭಾವ: ಹಿಂದೆ ಇದೇ ಸ್ಟವ್ ಒಯ್ದಿದ್ದೇನೆ. ಯಾರೂ ಏನೂ ಕೇಳಲಿಲ್ಲ.

ಅಕ್ಕ: ಕೇಳದೆ ಬಿಟ್ಟರು ಅಂದರೆ ಒಪ್ಪಿದರು ಅಂತಲ್ಲ. ಕಾರ್ಗೋ ಕೌಂಟರಿನಲ್ಲಿ ಕೂತು ದಿನವೂ ಇದನ್ನೇ ನೋಡುತ್ತೇನೆ. ಮೊದಲು ಗ್ಯಾಸ್ ಡಬ್ಬಿಯ ವಿಷಯ. ಅದು ಹ್ಯಾಂಡ್ ಬ್ಯಾಗಿನಲ್ಲೂ ಇಲ್ಲ, ಚೆಕ್-ಇನ್‌ನಲ್ಲೂ ಇಲ್ಲ. ಹೊಸದು, ಅರ್ಧ, ಮುಗಿದದ್ದು, ಯಾವುದೂ ಇಲ್ಲ.

ತಮ್ಮ: ಮುಗಿದದ್ದು ಯಾಕೆ ಇಲ್ಲ ಅಕ್ಕ? ಅಲ್ಲಾಡಿಸಿದರೆ ಏನೂ ಸದ್ದಿಲ್ಲ.

ಅಕ್ಕ: ಒಳಗಿನ ಒತ್ತಡ ಹೊರಗಿನ ಗಾಳಿಗೆ ಸಮ ಆದಾಗ ಉರಿ ನಿಲ್ಲುತ್ತೆ. ಆಗಲೂ ಡಬ್ಬಿ ತುಂಬ ಇರುವುದು ಗ್ಯಾಸೇ, ಗಾಳಿ ಅಲ್ಲ. ಚಳಿ ಜಾಗದಲ್ಲಿ ಇನ್ನೂ ಮೋಸ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗುವುದನ್ನೇ ನಿಲ್ಲಿಸುತ್ತೆ. ಮುಗಿಯಿತು ಅಂದುಕೊಂಡು ಎತ್ತಿಟ್ಟ ಡಬ್ಬಿ ಬೆಚ್ಚಗಾದ ಮೇಲೆ ಮತ್ತೆ ಉರಿಯುತ್ತೆ. ಸ್ಕ್ಯಾನರ್ ಮುಂದೆ ಕೂತವರು ಇದನ್ನೆಲ್ಲ ಹೇಗೆ ಅಳೆಯಬೇಕು?

ಭಾವ: ಸರಿ, ಡಬ್ಬಿ ಬಿಡು. ನನ್ನ ಸ್ಟವ್‌ನ ಬಾಟಲಿಯಲ್ಲಿ ಒತ್ತಡವೇ ಇಲ್ಲ. ಪೆಟ್ರೋಲ್ ಸುರಿದುಬಿಟ್ಟಿದ್ದೇನೆ. ಖಾಲಿ ಬಾಟಲಿ.

ಅಕ್ಕ: ತುಂಬಿದ ಬಾಟಲಿಗಿಂತ ನನಗೆ ಅದರದ್ದೇ ಭಯ ಜಾಸ್ತಿ. ಹೊತ್ತಿಕೊಳ್ಳುವುದು ಆವಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ. 1.4ರಿಂದ 7.6ರಷ್ಟು ಇದ್ದಾಗ ಕಿಡಿ ಸಾಕು. ತುಂಬಿದ ಬಾಟಲಿಯೊಳಗೆ ಅದು ಉರಿಯುವಷ್ಟು ಗಾಳಿಯೇ ಇರುವುದಿಲ್ಲ. ಸುರಿದ ಬಾಟಲಿಯಲ್ಲಿ ತಳಕ್ಕೆ ನಾಲ್ಕು ಹನಿ ಅಂಟಿರುತ್ತೆ, ಮೇಲೆಲ್ಲ ಗಾಳಿ. ಎರಡೂ ಒಂದೇ ಕಡೆ.

ಅತ್ತೆ: ಅಯ್ಯೋ, ಇದನ್ನು ಮನೆಯೊಳಗೆ ಇಟ್ಟುಕೊಂಡಿದ್ದೀರಾ?

ಭಾವ: ಅತ್ತೆ, ಇವಳು ಸುಮ್ನೆ ಹೆದರಿಸುತ್ತಾಳೆ. ಹಾಗಾದರೆ ಸ್ಟವ್ ಒಯ್ಯುವ ಹಾಗೇ ಇಲ್ಲವಾ?

ಅಕ್ಕ: ಇದೆ, ಹಾಗಂತ ಬ್ಯಾಗಿಗೆ ಹಾಕಿ ಹೊರಡುವ ಹಾಗಿಲ್ಲ. ಐಎಟಿಎ, ಅಂದರೆ ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘದ ನಿಯಮದಲ್ಲಿ ಬಳಸಿದ ಪೆಟ್ರೋಲ್, ಸೀಮೆಎಣ್ಣೆ ಸ್ಟವ್‌ಗೆ ಬೇರೆಯೇ ಸಾಲಿದೆ. ಚೆಕ್-ಇನ್‌ನಲ್ಲಿ ಮಾತ್ರ, ಅದೂ ಏರ್‌ಲೈನ್ ಮುಂಚೆ ಒಪ್ಪಿದ್ದರೆ. ಇಂಧನ ಪೂರ್ತಿ ಬಸಿದುಹೋಗಲು ಕನಿಷ್ಠ 1 ಗಂಟೆ. ಆಮೇಲೆ ಮುಚ್ಚಳ ತೆಗೆದು ಕನಿಷ್ಠ 6 ಗಂಟೆ ಹಾಗೇ ಬಿಡಬೇಕು. ಅಷ್ಟಾದ ಮೇಲೆ ಮುಚ್ಚಳ ಬಿಗಿ ಮಾಡಿ, ಟಿಶ್ಯೂ ಥರದ ಹೀರುವ ಕಾಗದ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಬಾಯಿ ಕಟ್ಟಬೇಕು. 6 ಗಂಟೆ ಕಾಯಲು ಆಗದವರಿಗೆ ಇನ್ನೊಂದು ದಾರಿ: ಬಾಟಲಿಗೆ ಅಡುಗೆ ಎಣ್ಣೆ ಹಾಕಿ, ಆಮೇಲೆ ಅದನ್ನು ಸುರಿಯುವುದು.

ತಮ್ಮ: ಅಡುಗೆ ಎಣ್ಣೆನಾ?!

ಅಕ್ಕ: ಹೌದು. ಉಳಿದ ಪೆಟ್ರೋಲ್ ಎಣ್ಣೆಯಲ್ಲಿ ಬೆರೆತರೆ ಅಷ್ಟು ಬೇಗ ಆವಿಯಾಗುವುದಿಲ್ಲ, ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಆದರೆ ಆಮೇಲೆ ಬಾಟಲಿ ತೊಳೆಯುವುದು ದೊಡ್ಡ ಗೋಳು. ನಾನಾದರೆ 6 ಗಂಟೆ ಕಾಯುತ್ತೇನೆ.

ಭಾವ: ಬಾಟಲಿ ಮೂಸಿ ನೋಡಿದೆ. ಏನೂ ವಾಸನೆ ಇಲ್ಲ.

ಅಕ್ಕ: ನಿಮ್ಮ ಮೂಗಿಗೆ ಅದು ರೂಢಿಯಾಗಿದೆ. ಬೇರೆಯವರಿಗೆ ಮೂಸಲು ಕೊಡಿ. ಬಾಟಲಿ ಒಂದೇ ಅಲ್ಲ. ಬರ್ನರ್ ಕೆಳಗೆ ಬಟ್ಟಲಿನಲ್ಲಿ ಒಂದು ಪ್ಯಾಡ್ ಇದೆಯಲ್ಲ, ಹೊತ್ತಿಸುವ ಮುಂಚೆ ಪೆಟ್ರೋಲ್ ಕುಡಿಯುತ್ತಲ್ಲ, ಅದನ್ನು ಮುಟ್ಟಿ ನೋಡಿ. ಪಂಪಿನ ಕೊಳವೆ, ಹೆಣೆದ ಪೈಪು, ಬಾಟಲಿ ಬಾಯಿಯ ತಿರುಪು, ಎಲ್ಲ ಕಡೆ ಉಳಿದಿರುತ್ತೆ. ಬಿಚ್ಚಿ ಸಾಬೂನು ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಬ್ಯಾಗ್ ತೆರೆದ ಕೂಡಲೇ ಗೊತ್ತಾಗುತ್ತೆ.

ನಾನು: ಭಾವ, ಪ್ಯಾಡ್ ಮುಟ್ಟಿದ್ರಾ?

ಭಾವ: ಸ್ವಲ್ಪ ತೇವ ಇದೆ.

ತಮ್ಮ: 😂😂

ಭಾವ: ಆದರೂ ಒಂದು ಮಾತು. ಒಂದು ಚಿಕ್ಕ ಸ್ಟವ್‌ಗೆ ಇಷ್ಟೊಂದು ಕಾನೂನು ಅತಿಯಾಯ್ತು ಅನ್ನಿಸಲ್ವಾ?

ಅಕ್ಕ: 1996ರ ಮೇ 11ರಂದು ವ್ಯಾಲ್ಯುಜೆಟ್ 592 ಅನ್ನುವ ವಿಮಾನ ಮಯಾಮಿಯಿಂದ ಹೊರಟು ಹತ್ತೇ ನಿಮಿಷದಲ್ಲಿ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 110 ಜನ ಸತ್ತರು. ಸರಕಿನ ಕೋಣೆಯಲ್ಲಿ ಹಳೆಯ ಆಕ್ಸಿಜನ್ ಜನರೇಟರ್‌ಗಳಿದ್ದವು, ತುರ್ತಿನಲ್ಲಿ ಪ್ರಯಾಣಿಕರ ಮಾಸ್ಕ್‌ಗೆ ಆಮ್ಲಜನಕ ಕೊಡುವ ಡಬ್ಬಿಗಳು. ಬೆಂಕಿ ಹುಟ್ಟಿದ್ದು ಅಲ್ಲೇ. ಜೊತೆಗಿದ್ದ ಚೀಟಿಯಲ್ಲಿ ಅವು ಖಾಲಿ ಅಂತ ಬರೆದಿತ್ತು. ತರಬೇತಿಯಲ್ಲಿ ಈ ಕಥೆ ಕೇಳಿದ ಮೇಲೆ ‘ಖಾಲಿ’ ಅಂತ ಯಾರು ಹೇಳಿದರೂ ನಾನು ನಂಬುವುದಿಲ್ಲ, ನೀವು ಹೇಳಿದರೂ.

ಚಿಕ್ಕಪ್ಪ: ಪವರ್ ಬ್ಯಾಂಕ್ ಯಾಕೆ ತಪ್ಪು? ನಾನು ಚೆಕ್-ಇನ್‌ಗೆ ಹಾಕಿಟ್ಟಿದ್ದೇನೆ.

ಅಕ್ಕ: ಈಗಲೇ ತೆಗೆಯಿರಿ ಚಿಕ್ಕಪ್ಪ. ಪವರ್ ಬ್ಯಾಂಕ್, ಹೆಡ್‌ಲ್ಯಾಂಪಿನ ಬಿಡಿ ಲಿಥಿಯಂ ಬ್ಯಾಟರಿ, ಎರಡೂ ನಿಮ್ಮ ಜೊತೆ ಕ್ಯಾಬಿನ್ನಿಗೇ ಬರಬೇಕು. ಅಲ್ಲಿ ಹೊಗೆ ಬಂದರೆ ಕಣ್ಣಿಗೆ ಬೀಳುತ್ತೆ, ಸಿಬ್ಬಂದಿ ನೀರು ಸುರಿದು ತಣಿಸುತ್ತಾರೆ. ಕೆಳಗೆ ಯಾರು ನೋಡುತ್ತಾರೆ? 100 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ತನಕ ಸಾಮಾನ್ಯವಾಗಿ ಅನುಮತಿ ಕೇಳಬೇಕಿಲ್ಲ. ನಿಮ್ಮ 20,000 ಎಂಎಎಚ್‌ನದು ಸುಮಾರು 74 ಆಗುತ್ತೆ.

ಅತ್ತೆ: ಟೆಂಟ್ ಗೂಟ, ಕೋಲು, ಚಾಕು?

ಅಕ್ಕ: ಎಲ್ಲ ಚೆಕ್-ಇನ್ ಅತ್ತೆ. ಕರಡಿ ಸ್ಪ್ರೇ ಯಾರ ಹತ್ತಿರವಾದರೂ ಇದ್ದರೆ ಮನೆಯಲ್ಲೇ ಬಿಡಿ, ಅದು ಯಾವ ಬ್ಯಾಗಿನಲ್ಲೂ ಹೋಗುವ ಹಾಗಿಲ್ಲ.

ತಮ್ಮ: ಹಾಗಾದರೆ ಭಾವನ ಸ್ಟವ್ ಬಿಟ್ಟು ಇಂಧನದ ಮಾತ್ರೆ ಒಯ್ಯೋಣವಾ? ಬಿಳಿ ಬಿಲ್ಲೆ ಇರುತ್ತಲ್ಲ. ಇಲ್ಲಾಂದರೆ ಸ್ಪಿರಿಟ್?

ಅಕ್ಕ: ಬಿಲ್ಲೆ ಉರಿಯುವ ಘನ ವಸ್ತು, ಅದಕ್ಕೂ ಇಲ್ಲ. ಶೇ. 70ಕ್ಕಿಂತ ಜಾಸ್ತಿ ಆಲ್ಕೊಹಾಲ್ ಇರುವ ಯಾವುದಕ್ಕೂ ಇಲ್ಲ. ಇಂಧನ ಯಾವ ರೂಪದಲ್ಲೂ ನಮ್ಮ ಜೊತೆ ಹಾರುವುದಿಲ್ಲ, ಇಳಿದ ಮೇಲೆ ಕೊಳ್ಳಬೇಕು ಅಷ್ಟೇ. ನಿನ್ನ ಗ್ಯಾಸ್ ಬರ್ನರ್ ಒಯ್ಯೋಣ. ಅದರಲ್ಲಿ ಇಂಧನ ನಿಲ್ಲುವ ಜಾಗವೇ ಇಲ್ಲ, ಒರೆಸಿದರೆ ಆಯ್ತು. ಅದಕ್ಕೂ ಏರ್‌ಲೈನ್‌ಗೆ ಒಂದು ಮಾತು ಕೇಳು. ಅಲ್ಲಿ ಸಿಗುವ ಡಬ್ಬಿಗೆ ತಿರುಪಿನ ಬಾಯಿ ಇದೆಯಾ ಅಂತಲೂ ವಿಚಾರಿಸು. ಕೆಲವು ಕಡೆ ಚುಚ್ಚುವ ಡಬ್ಬಿ, ಕ್ಲಿಪ್ಪಿನ ಡಬ್ಬಿ ಮಾತ್ರ ಸಿಗುತ್ತೆ. ನಿನ್ನದು ಅದಕ್ಕೆ ಕೂರುವುದಿಲ್ಲ.

ಭಾವ: ಎತ್ತರಕ್ಕೆ ಹೋದ ಮೇಲೆ ಚಳಿಯಲ್ಲಿ ಗ್ಯಾಸ್ ಕೈಕೊಡುತ್ತೆ ಅಂತ ಈಗ ತಾನೇ ನೀನೇ ಬರೆದೆ. ಪೆಟ್ರೋಲ್ ಎಲ್ಲಾದರೂ ಸಿಗುತ್ತೆ. ನನ್ನ ಸ್ಟವ್ ಬಂದೇ ಬರುತ್ತೆ.

ನಾನು: ಇದು ಪಾಯಿಂಟು.

ಅಕ್ಕ: ಪಾಯಿಂಟು ಹೌದು. ಹೋಗುವಾಗ ಸರಿ, ತೊಳೆದು ಒಯ್ಯುತ್ತೀರಿ. ವಾಪಸ್ ಬರುವಾಗ? ಕೊನೆಯ ಬೆಳಗ್ಗೆ ನೀರು ಕಾಯಿಸಿ, ಮಧ್ಯಾಹ್ನದ ವಿಮಾನ. 1 ಗಂಟೆ ಬಸಿದು 6 ಗಂಟೆ ಆರಿಸಲು ಸಮಯ ಎಲ್ಲಿದೆ? ಜನ ಸಿಕ್ಕಿಬೀಳುವುದೇ ವಾಪಸ್ ಬರುವಾಗ.

ಭಾವ: ಹಿಂದಿನ ರಾತ್ರಿಯೇ ಸುರಿದು ಇಡುತ್ತೇನೆ. ಬೆಳಗ್ಗೆ ಬಿಸಿನೀರು ಇಲ್ಲದೆ ಇರಿ ಎಲ್ಲರೂ.

ಅತ್ತೆ: ನಾನಿರುವುದಿಲ್ಲಪ್ಪ.

ತಮ್ಮ: ಬೆಳಗ್ಗೆಗೆ ನನ್ನ ಬರ್ನರ್ ಇದೆ. ಉಳಿದ ಡಬ್ಬಿ ಅಲ್ಲೇ ಇನ್ಯಾರಿಗಾದರೂ ಕೊಟ್ಟು ಬರೋಣ.

ಅಕ್ಕ: ಸರಿ. ರೀ, ಏರ್‌ಲೈನ್‌ಗೆ ಬರೆಯುವಾಗ ಸುಮ್ನೆ ‘ಸ್ಟವ್ ಒಯ್ಯಬಹುದಾ’ ಅಂತ ಕೇಳಬೇಡಿ. ಬಳಸಿದ ಪೆಟ್ರೋಲ್ ಸ್ಟವ್, ತೊಳೆದಿದೆ, ಇಂಧನ ಇಲ್ಲ, ಚೆಕ್-ಇನ್‌ನಲ್ಲಿ, ಹೋಗುವ ಮತ್ತು ಬರುವ ವಿಮಾನದ ನಂಬರ್, ಇಷ್ಟೂ ಬರೆಯಿರಿ. ನಡುವೆ ಬೇರೆ ಏರ್‌ಲೈನ್‌ಗೆ ಹತ್ತುತ್ತೇವಲ್ಲ, ಅವರಿಗೂ ಬೇರೆ ಮೇಲ್. ಒಬ್ಬರು ಹೂಂ ಅಂದರೆ ಇನ್ನೊಬ್ಬರೂ ಅನ್ನಬೇಕು ಅಂತಿಲ್ಲ.

ಭಾವ: ಬರೆಯುತ್ತೇನೆ. ಈಗ ಬಾಟಲಿ ಮುಚ್ಚಳ ತೆಗೆದು ಬಾಲ್ಕನಿಯಲ್ಲಿ ಇಡುತ್ತಿದ್ದೇನೆ.

ಅಕ್ಕ: ಅಡುಗೆಮನೆ ಕಡೆಯ ಬಾಲ್ಕನಿಯಲ್ಲಿ ಬೇಡ, ಪಕ್ಕದಲ್ಲೇ ಒಲೆ ಉರಿಯುತ್ತಿದೆ. ಟೆರೇಸಿಗೆ ಒಯ್ಯಿರಿ.

ಭಾವ: ಹೊರಟೆ.